ನಾಲ್ಕಾಣೆ ಕೋಳಿ, ಹನ್ನೆರಡಾಣೆ ಮಸಾಲೆ

ಉರ್ದುವಿನಲ್ಲಿ ಒಂದು ಮಾತಿದೆ: ನಾಲ್ಕಾಣೆಯ ಕೋಳಿಗೆ ಹನ್ನೆರಡಾಣೆಯ ಮಸಾಲೆ. ಅಡುಗೆಮನೆಯಲ್ಲಿ ಹುಟ್ಟಿದ ಈ ಮಾತು ಮದುವೆಯ ಚಪ್ಪರದಿಂದ ಹಿಡಿದು ಸರಕಾರದ ಬಜೆಟ್ಟಿನವರೆಗೆ ಎಲ್ಲೆಲ್ಲೂ ಬಳಕೆಯಾಗುತ್ತದೆ. ಇತ್ತೀಚೆಗೆ ನಾವು ಅದನ್ನು ಕೇಳಿದ್ದು ಸೈಕಲ್ಲಿನ ವಿಷಯದಲ್ಲಿ. 25,000 ರೂಪಾಯಿ ಕೊಟ್ಟು ತಂದ ರೋಡ್ ಬೈಕಿಗೆ, ಅಂದರೆ ಬಾಗಿದ ಹ್ಯಾಂಡಲ್ಲಿನ, ತೆಳುಟೈರಿನ ರೇಸ್ ಮಾದರಿಯ ಸೈಕಲ್ಲಿಗೆ, 30,000 ರೂಪಾಯಿಯ ಚಕ್ರ ಹಾಕಿಸಲು ಹೊರಟಿದ್ದ ಹುಡುಗನೊಬ್ಬನನ್ನು ಕುರಿತು ಹಿರಿಯರೊಬ್ಬರು ಆಡಿದ ಮಾತದು. ಸುತ್ತ ಇದ್ದವರು ನಕ್ಕರು. ಹುಡುಗನೂ ನಕ್ಕ. ಆದರೆ ಆ ನಗೆಯ ಹಿಂದೆ ಒಂದು ಪ್ರಶ್ನೆ ಉಳಿದುಕೊಂಡಿತು. ಇರುವುದನ್ನು ಇನ್ನಷ್ಟು ಉತ್ತಮಪಡಿಸಿಕೊಳ್ಳುವ ಆಸೆ ಎಲ್ಲಿಯವರೆಗೆ ಒಳ್ಳೆಯದು, ಎಲ್ಲಿಂದ ದುರಾಸೆ? 'ಇಷ್ಟು ಸಾಕು' ಎಂಬ ಗೆರೆಯನ್ನು ಎಳೆಯುವವರು ಯಾರು, ಯಾರಿಗಾಗಿ?

ಸಣ್ಣ ವಿಷಯವೆಂದು ತಳ್ಳಿಹಾಕುವ ಹಾಗಿಲ್ಲ. ಮನೆಗೆ ಟೈಲ್ಸು, ಮಗಳಿಗೆ ಇಂಗ್ಲಿಷ್ ಶಾಲೆ, ಕೈಗೆ ಹೊಸ ಮೊಬೈಲು, ಅಂಗಡಿಗೆ ಗಾಜಿನ ಬಾಗಿಲು—ನಾವೆಲ್ಲ ದಿನನಿತ್ಯ ಎದುರಿಸುವ ಪ್ರಶ್ನೆ ಇದೇ. ಚಕ್ರ ಕಣ್ಣಿಗೆ ಕಾಣುವ, ತೂಗಿ ಅಳೆಯಬಹುದಾದ ವಸ್ತು. ಆದ್ದರಿಂದ ಈ ಪ್ರಶ್ನೆಯನ್ನು ಚಕ್ರದ ಮೇಲಿಟ್ಟು ನೋಡುವುದು ಸುಲಭ.

ಮೊದಲು ಲೆಕ್ಕವನ್ನೇ ನೋಡೋಣ. ಲೆಕ್ಕವಿಲ್ಲದ ನೀತಿ ಬರೀ ಉಪದೇಶವಾಗಿ ಬಿಡುತ್ತದೆ. ಅಗ್ಗದ ರೋಡ್ ಬೈಕಿನ ಎರಡು ಚಕ್ರಗಳು, ಟೈರು ಟ್ಯೂಬು ಬಿಟ್ಟು, ಸಾಮಾನ್ಯವಾಗಿ 2 ಕಿಲೋ ಮೀರುತ್ತವೆ. ದುಬಾರಿ ಚಕ್ರಗಳು ಒಂದೂವರೆ ಕಿಲೋದ ಆಸುಪಾಸು. ಅಂದರೆ ಉಳಿಯುವುದು ಅರ್ಧ ಕಿಲೋ. ಸವಾರ, ಸೈಕಲ್ಲು, ನೀರಿನ ಬಾಟಲಿ, ಬಟ್ಟೆಬೂಟು ಎಲ್ಲ ಸೇರಿ 85 ಕಿಲೋ ಎಂದಿಟ್ಟುಕೊಂಡರೆ, ಈ ಅರ್ಧ ಕಿಲೋ ನೂರರಲ್ಲಿ ಒಂದು ಪಾಲೂ ಅಲ್ಲ. ಅರ್ಧ ಪಾಲಿಗಿಂತ ತುಸು ಹೆಚ್ಚು, ಅಷ್ಟೆ. ಬೆಂಗಳೂರಿನ ಸೈಕಲ್ ಸವಾರರು ಭಾನುವಾರ ಬೆಳಗಿನ ಜಾವ ಎದ್ದು ನಂದಿಬೆಟ್ಟಕ್ಕೆ ಹೋಗುತ್ತಾರೆ. ಬುಡದಿಂದ ತುದಿಗೆ ಅರ್ಧ ಗಂಟೆಯಲ್ಲಿ ಏರುವ ಗಟ್ಟಿಗನಿಗೆ ಹೊಸ ಚಕ್ರ ಉಳಿಸಿಕೊಡುವುದು ಸುಮಾರು 10 ಸೆಕೆಂಡು. ಸೆಕೆಂಡಿಗೆ 3,000 ರೂಪಾಯಿ ಬಿತ್ತು. ಆ ಹತ್ತು ಸೆಕೆಂಡನ್ನು ಅವನು ಬೆಟ್ಟದ ಮೇಲೆ ಫೋಟೋ ತೆಗೆಸಿಕೊಳ್ಳುವುದರಲ್ಲಿ ಕಳೆಯುತ್ತಾನೆ.

ತಿರುಗುವ ಭಾರ ಬೇರೆ, ಕೂತ ಭಾರ ಬೇರೆ ಎಂದು ವಾದಿಸುವವರಿದ್ದಾರೆ. ಅದರಲ್ಲಿ ಸತ್ಯವಿದೆ. ರಿಮ್ಮಿನ ಅಂಚಿನ ಒಂದೊಂದು ಗ್ರಾಂ ಮುಂದಕ್ಕೂ ಚಲಿಸಬೇಕು, ಸುತ್ತಲೂ ತಿರುಗಬೇಕು. ಆದ್ದರಿಂದ ನಿಂತಲ್ಲಿಂದ ವೇಗ ಪಡೆಯುವಾಗ ಅದು ಹೆಚ್ಚುಕಡಿಮೆ ಎರಡು ಗ್ರಾಮಿನಷ್ಟು ಭಾರವೆನಿಸುತ್ತದೆ. ಆದರೆ ಒಂದೇ ವೇಗದಲ್ಲಿ ಹೋಗುವಾಗ ಈ ವ್ಯತ್ಯಾಸ ಉಳಿಯುವುದಿಲ್ಲ. ಏರಿನಲ್ಲೂ ಗ್ರಾಂ ಎಂದರೆ ಗ್ರಾಮೇ. ಸಮತಟ್ಟಾದ ರಸ್ತೆಯಲ್ಲಿ ವೇಗವಾಗಿ ಹೋಗುವವನ ದೊಡ್ಡ ಶತ್ರು ತೂಕವಲ್ಲ, ಗಾಳಿ. ವೇಗ ಇಮ್ಮಡಿಯಾದರೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಆ ಗಾಳಿಗೆ ಎದೆಗೊಡುವುದರಲ್ಲಿ ಹೆಚ್ಚಿನ ಪಾಲು ಸವಾರನ ಮೈಯದೇ ಹೊರತು ಚಕ್ರದ್ದಲ್ಲ. ಬೆನ್ನು ಬಗ್ಗಿಸಿ ಮೊಣಕೈ ಮಡಚಿದರೆ ಕಾಸು ಖರ್ಚಿಲ್ಲದೆ ವೇಗ ಸಿಗುತ್ತದೆ. ಒರಟಾದ ಟೈರು ತೆಗೆದು ಒಳ್ಳೆಯ ಟೈರು ಹಾಕಿದರೆ ಚಕ್ರದ ಬೆಲೆಯ ಸಣ್ಣ ಪಾಲಿನಲ್ಲಿ ಅದಕ್ಕಿಂತ ಹೆಚ್ಚಿನ ಲಾಭವಿದೆ. ಹಿಂದೆ 23 ಮಿಲಿಮೀಟರಿನ ತೆಳುಟೈರಿಗೆ ಕಲ್ಲಿನಂತೆ ಗಾಳಿ ತುಂಬುವುದೇ ವೇಗದ ಗುಟ್ಟೆಂದು ನಂಬಿದ್ದ ರೇಸಿನವರೇ ಈಗ 28 ಮಿಲಿಮೀಟರಿಗೆ, ಕಡಿಮೆ ಗಾಳಿಗೆ ಬಂದಿದ್ದಾರೆ.

ಹಾಗಾದರೆ ಹಿರಿಯರು ಆಡಿದ ಮಾತೇ ಸರಿ, ಮುಗಿಯಿತು ಎನ್ನಬಹುದು. ನಮಗೇನೋ ಮುಗಿದಂತೆ ತೋರುವುದಿಲ್ಲ. ಕಂಪನಿಯು ಸೈಕಲ್ಲಿನ ಬೆಲೆ ಇಳಿಸುವಾಗ ಎಲ್ಲಿ ಕತ್ತರಿ ಹಾಕುತ್ತದೆ ಎಂದು ನೋಡಬೇಕು. ಗಿರಾಕಿಯ ಕಣ್ಣು ಬೀಳುವುದು ಬಣ್ಣದ ಮೇಲೆ, ಫ್ರೇಮಿನ ಮೇಲೆ, ಗೇರಿನ ಮೇಲಿರುವ ಹೆಸರಿನ ಮೇಲೆ. ಹಬ್ಬಿನೊಳಗಿನ ಬೇರಿಂಗು, ಕಡ್ಡಿಗಳ ಬಿಗಿತ, ಟೈರಿನ ಗುಣ—ಇವು ಅಂಗಡಿಯ ದೀಪದ ಕೆಳಗೆ ಕಾಣುವುದಿಲ್ಲ. ಆದ್ದರಿಂದ ಅಗ್ಗದ ಸೈಕಲ್ಲಿನಲ್ಲಿ ಉಳಿತಾಯ ಹೆಚ್ಚಾಗಿ ಆಗುವುದು ಕಾಣದ ಕಡೆಯಲ್ಲೇ. ಬಡವರ ಮನೆಯ ಗಾರೆಯಲ್ಲಿ ಸಿಮೆಂಟು ಕಡಿಮೆಯಾಗುವುದೂ, ಅಗ್ಗದ ಚಪ್ಪಲಿಯ ಹೊಲಿಗೆಯಲ್ಲಿ ದಾರ ಕಡಿಮೆಯಾಗುವುದೂ ಹೀಗೆಯೇ. ಅಂಥ ಸೈಕಲ್ಲಿನ ಒಡೆಯ ಮೊದಲು ಚಕ್ರವನ್ನೇ ಬದಲಿಸಬೇಕೆಂದು ಬಯಸಿದರೆ ಅದನ್ನು ಬರೀ ಶೋಕಿ ಎನ್ನಲಾಗದು. ಅವನು ಅರಿತೋ ಅರಿಯದೆಯೋ, ತಕ್ಕಡಿಯಲ್ಲಿ ಎಲ್ಲಿ ಕಡಿಮೆ ತೂಗಿದ್ದಾರೋ ಅಲ್ಲಿಗೇ ಬೆರಳಿಟ್ಟಿದ್ದಾನೆ.

ನಮ್ಮೂರ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಸೈಕಲ್ ಶಾಪಿದೆ. ಅದರ ಮುದಿ ಮೇಸ್ತ್ರಿಯನ್ನು ಹಿಂದೂ ಮುಸ್ಲಿಮರೆನ್ನದೆ ಎಲ್ಲರೂ ಚಾಚಾ ಎಂದೇ ಕರೆಯುತ್ತಾರೆ. ಆ ಹುಡುಗ ಹೋದದ್ದು ಅಲ್ಲಿಗೆ.

"ಚಾಚಾ, ಈ ಚಕ್ರ ಭಾರ ಆಯ್ತು. ಬೇರೆ ತರಿಸ್ತೀನಿ, ಹಾಕಿಕೊಡ್ತೀರಾ?"

"ಹಾಕೋಣ ಬೇಟಾ, ಅದಕ್ಕೇನಂತೆ. ಮೊದಲು ಇದು ಏನು ಹೇಳ್ತದೋ ಕೇಳೋಣ" ಎಂದು ಚಾಚಾ ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿ ಹಿಂದಿನ ಚಕ್ರ ತಿರುಗಿಸಿದರು. ಅದು ಕರಕರ ಎನ್ನುತ್ತ ನಾಲ್ಕು ಸುತ್ತಿಗೆ ನಿಂತಿತು. ಹಬ್ಬು ಬಿಚ್ಚಿದಾಗ ಒಳಗೆ ಗ್ರೀಸೇ ಇರಲಿಲ್ಲ. ಕೋನು ಅತಿಯಾಗಿ ಬಿಗಿಯಾಗಿತ್ತು. ಚಾಚಾ ಗುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಸವೆದವನ್ನು ಬದಲಿಸಿ, ಹೊಸ ಗ್ರೀಸು ಮೆತ್ತಿ, ಕಡ್ಡಿಗಳನ್ನು ಒಂದೊಂದಾಗಿ ಬೆರಳಲ್ಲಿ ಮೀಟಿ ಸದ್ದು ಕೇಳುತ್ತ ಬೆಂಡು ತೆಗೆದರು. ಎರಡು ಗಂಟೆಯ ಕೆಲಸ. ಮತ್ತೆ ತಿರುಗಿಸಿದಾಗ ಚಕ್ರ ಸದ್ದಿಲ್ಲದೆ ಸುತ್ತುತ್ತಲೇ ಇತ್ತು. ಚಾಚಾ ಕೇಳಿದ್ದು 200 ರೂಪಾಯಿ. "ಈಗ ಓಡಿಸಿ ನೋಡು ಬೇಟಾ. ಆಮೇಲೂ ಬೇಕು ಅನ್ನಿಸಿದರೆ ತಾ" ಎಂದರು.

ಈ ಕೊನೆಯ ಮಾತು ನಮಗೆ ಬಹಳ ಮುಖ್ಯವೆನಿಸುತ್ತದೆ. ಚಾಚಾ ಆಸೆಯನ್ನು ಹಂಗಿಸಲಿಲ್ಲ, ತಡೆಯಲೂ ಇಲ್ಲ. ಆಸೆಗಿಂತ ಮೊದಲು ಒಂದು ಕರ್ತವ್ಯವಿದೆ ಎಂದು ತೋರಿಸಿದರು. ಇರುವ ವಸ್ತುವಿಗೆ ಸಲ್ಲಬೇಕಾದ ಆರೈಕೆ ಸಂದಿದೆಯೇ? ಆರೈಕೆ ಮಾಡದೆ ಕೆಡಿಸಿ, ಕೆಟ್ಟಿದೆಯೆಂದು ಹೊಸದನ್ನು ಕೊಳ್ಳುವುದು ಉತ್ತಮಪಡಿಸುವುದಲ್ಲ; ಕೈಬಿಡುವುದು. ನಾವು ವಸ್ತುಗಳೊಂದಿಗೆ ಮಾತ್ರ ಹೀಗೆ ನಡೆದುಕೊಳ್ಳುತ್ತೇವೆಂದು ಹೇಳುವ ಧೈರ್ಯ ಯಾರಿಗಿದೆ?

ಬೆಂಡು ತೆಗೆಯುವ ಕೆಲಸವನ್ನು ನಿಂತು ನೋಡಿದವರಿಗೆ ಇನ್ನೊಂದು ಸಂಗತಿ ತಿಳಿಯುತ್ತದೆ. ಎತ್ತಿನಗಾಡಿಯ ಮರದ ಚಕ್ರದಲ್ಲಿ ದಪ್ಪನೆಯ ಅರಗಳು ಕಂಬದಂತೆ ಭಾರ ಹೊರುತ್ತವೆ. ಸೈಕಲ್ಲಿನ ತೆಳ್ಳನೆಯ ತಂತಿ ಹಾಗೆ ಹೊರಲಾರದು, ಒತ್ತಿದರೆ ಬಾಗುತ್ತದೆ. ಅದರ ಶಕ್ತಿ ಇರುವುದು ಎಳೆತದಲ್ಲಿ. 1869ರಲ್ಲಿ ಪ್ಯಾರಿಸಿನ ಯುಜೀನ್ ಮೇಯರ್, 1874ರಲ್ಲಿ ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿ ಈ ತಂತಿಚಕ್ರಕ್ಕೆ ರೂಪ ಕೊಟ್ಟರು. ಎಲ್ಲ ಕಡ್ಡಿಗಳೂ ಒಂದನ್ನೊಂದು ಎಳೆದು ಹಿಡಿದಿರುವುದರಿಂದಲೇ ರಿಮ್ಮು ದುಂಡಗೆ ನಿಲ್ಲುತ್ತದೆ. ಸವಾರ ಹತ್ತಿ ಕೂತಾಗ ನೆಲದ ಕಡೆಗಿರುವ ಕೆಲವು ಕಡ್ಡಿಗಳ ಬಿಗಿತ ಇಳಿಯುತ್ತದೆ. ಭಾರವನ್ನು ತೆಗೆದುಕೊಳ್ಳುವ ಬಗೆ ಅದು. ಮರುಕ್ಷಣ ಚಕ್ರ ಉರುಳಿ ಸರದಿ ಪಕ್ಕದವಕ್ಕೆ ಬರುತ್ತದೆ. ಒಂದು ಕಡ್ಡಿ ಮಾತ್ರ ಅತಿಯಾಗಿ ಬಿಗಿದರೂ, ಒಂದು ಮಾತ್ರ ಸಡಿಲಾದರೂ ಇಡೀ ಚಕ್ರ ಸೊಟ್ಟಗಾಗುತ್ತದೆ. ಅದನ್ನು ನೇರ ಮಾಡಲು ಮೇಸ್ತ್ರಿ ಆ ಒಂದನ್ನೇ ಮುಟ್ಟಿದರೆ ಸಾಲದು, ನೆರೆಯವನ್ನೂ ಮುಟ್ಟಬೇಕು.

ಒಂದು ಭಾಗವನ್ನು ಮಾತ್ರ ಮೇಲೆತ್ತಿದರೆ ಏನಾಗುತ್ತದೆಂಬ ಪ್ರಶ್ನೆಗೂ ಇಲ್ಲೇ ಸುಳಿವಿದೆ. ಹೊಸ ಚಕ್ರ ಬಂದಾಗ ಹಳೆಯ ಗೇರಿನ ಹಲ್ಲುಚಕ್ರ ಅದಕ್ಕೆ ಕೂರದೆ ಇರಬಹುದು. ಹಳೆ ಬಗೆಯ ತಿರುಪಿನ ಫ್ರೀವೀಲು ಬೇರೆ, ಹೊಸ ಕ್ಯಾಸೆಟ್ಟು ಬೇರೆ. ಕ್ಯಾಸೆಟ್ಟು ಬದಲಾದರೆ ಚೈನು, ಚೈನು ಬದಲಾದರೆ ಗೇರು. ಕಾರ್ಬನ್ ರಿಮ್ಮಾದರೆ ಹಳೆಯ ಬ್ರೇಕ್ ಕಟ್ಟೆಗಳು ನಡೆಯವು. ರಿಮ್ಮನ್ನೇ ಹಿಡಿಯುವ ಬ್ರೇಕಿದ್ದರೆ, ಆಗುಂಬೆಯಂಥ ಘಾಟಿ ಇಳಿಯುವಾಗ ಕಾರ್ಬನ್ ರಿಮ್ಮು ಕಾಯುವ ಭಯ ಬೇರೆ. ಎಲ್ಲ ಮುಗಿಯುವಾಗ 25,000ದ ಫ್ರೇಮು ಮಾತ್ರ ಹಳೆಯದಾಗಿ ಉಳಿದು, ಅದೂ ಕಣ್ಣಿಗೆ ಚುಚ್ಚತೊಡಗುತ್ತದೆ. ಫ್ರೆಂಚ್ ಲೇಖಕ ದಿದೆರೋ 1769ರಲ್ಲಿ ಬರೆದ ಒಂದು ಪ್ರಬಂಧದ ವಿಷಯ ಇದೇ. ಅವನಿಗೆ ಒಂದು ಹೊಸ ನಿಲುವಂಗಿ ಬಂತು. ಅದರ ಮುಂದೆ ಕುರ್ಚಿ ಹಳತೆನಿಸಿತು, ಮೇಜು ಹಳತೆನಿಸಿತು, ಗೋಡೆಯ ಚಿತ್ರಗಳೂ ಹಳತೆನಿಸಿದವು; ಒಂದೊಂದಾಗಿ ಎಲ್ಲ ಬದಲಾದವು. ಹಳೆಯ ಅಂಗಿಗೆ ತಾನು ಒಡೆಯನಾಗಿದ್ದೆ, ಹೊಸದಕ್ಕೆ ಆಳಾದೆ ಎಂಬ ಅರ್ಥದಲ್ಲಿ ಅವನು ಹಳಹಳಿಸುತ್ತಾನೆ. ಮಾನವಶಾಸ್ತ್ರಜ್ಞ ಗ್ರಾಂಟ್ ಮೆಕ್‌ಕ್ರಾಕೆನ್ 1988ರಲ್ಲಿ ಈ ಸರಪಳಿಗೆ ದಿದೆರೋನ ಹೆಸರನ್ನೇ ಇಟ್ಟ. ಆಸೆಗೆ ಕೊನೆಯಿಲ್ಲ ಎಂದು ನಾವು ಸುಮ್ಮನೆ ಹೇಳುತ್ತೇವೆ. ಆಸೆಗೆ ಕೊನೆಯಿಲ್ಲದಿರುವುದಕ್ಕೆ ಕಾರಣ ಅದರ ಹಸಿವು ಮಾತ್ರವಲ್ಲ; ವಸ್ತುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುವುದೂ ಹೌದು.

ಹೀಗೆ ಒಂದೊಂದೇ ಭಾಗ ಬದಲಾದ ಮೇಲೆ ಅದು ಅದೇ ಸೈಕಲ್ಲೇ? ಮಿಲಿಂದ ಎಂಬ ಗ್ರೀಕ್ ದೊರೆಗೂ ಭಿಕ್ಷು ನಾಗಸೇನನಿಗೂ ನಡೆದ ಸಂವಾದದಲ್ಲಿ ರಥದ ಪ್ರಶ್ನೆ ಬರುತ್ತದೆ. ಗಾಲಿ ರಥವಲ್ಲ, ಅಚ್ಚು ರಥವಲ್ಲ, ನೊಗ ರಥವಲ್ಲ. ಇವೆಲ್ಲ ಕೂಡಿದಾಗ ನಾವು ಕೊಟ್ಟ ಹೆಸರು ರಥ. ಗ್ರೀಕರಲ್ಲಿ ಥೀಸಿಯಸ್ಸನ ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಿಸುವ ಪ್ರಶ್ನೆಯನ್ನು ಪ್ಲುಟಾರ್ಕ್ ಹೇಳಿದ್ದಾನೆ. ಹದಿನೇಳನೆಯ ಶತಮಾನದ ಥಾಮಸ್ ಹಾಬ್ಸ್ ಅದಕ್ಕೊಂದು ಕೊಕ್ಕೆ ಹಾಕಿದ: ತೆಗೆದುಹಾಕಿದ ಹಳೆಯ ಹಲಗೆಗಳನ್ನೆಲ್ಲ ಕೂಡಿಸಿ ಯಾರಾದರೂ ಇನ್ನೊಂದು ಹಡಗು ಕಟ್ಟಿದರೆ? ಪಂಡಿತರು ನಿಜವಾದ ಹಡಗು ಯಾವುದೆಂದು ವಾದಿಸಿದರು. ನಮ್ಮ ಸೈಕಲ್ ಶಾಪುಗಳಲ್ಲಿ ಈ ಎರಡನೆಯ ಹಡಗನ್ನು ದಿನವೂ ಕಟ್ಟುತ್ತಾರೆ. ಆ ಹುಡುಗ ಎರಡು ತಿಂಗಳ ನಂತರ ಹೊಸ ಚಕ್ರ ತರಿಸಿದ್ದೂ ಉಂಟು. ಹಳೆಯ ಜೋಡಿ ಚಾಚಾನ ಗೋಡೆಯ ಮೊಳೆಗೆ ಹೋಯಿತು. ಹಾಲಿನವರ ದೊಡ್ಡ ಕರಿ ಸೈಕಲ್ಲಿಗೆ ಅದು ಹೊಂದಲಿಲ್ಲ. ಅದರ ರಿಮ್ಮು 635 ಮಿಲಿಮೀಟರಿನದು, ಇದು 622ರದ್ದು. ಕೊನೆಗೆ ರಿಮ್ಮು ಬಾಗಿದ ಸೈಕಲ್ಲಿನ ಕಾಲೇಜು ಹುಡುಗಿಯೊಬ್ಬಳಿಗೆ ಅದು ಸರಿಹೋಯಿತು. ನಮ್ಮ ಮಟ್ಟಿಗೆ ಹಾಬ್ಸನ ಪ್ರಶ್ನೆ ಬೇರೆಯೇ ಆಗಿದೆ: ನಾವು ತೆಗೆದಿಟ್ಟದ್ದು ಎಲ್ಲಿಗೆ ಹೋಗುತ್ತದೆ? ಯಾರಿಗಾದರೂ ಚಕ್ರವಾಗುತ್ತದೆಯೇ, ಅಥವಾ ಕಸವೇ?

ತೆಗೆದಿಟ್ಟದ್ದರಂತೆ, ತಂದದ್ದು ಎಲ್ಲಿಂದ ಬಂತು ಎಂದೂ ಕೇಳಬೇಕು. ಸೈಕಲ್ ಚಕ್ರದ ಇತಿಹಾಸದಲ್ಲಿ ಅತಿ ದೊಡ್ಡ ಸುಧಾರಣೆ ಯಾವ ರೇಸಿಗಾಗಿಯೂ ಆದದ್ದಲ್ಲ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್, ತನ್ನ ಪುಟ್ಟ ಮಗನ ಮೂರುಗಾಲಿ ಸೈಕಲ್ಲು ಕಲ್ಲುಹಾಸಿನ ಬೀದಿಯಲ್ಲಿ ಕುಲುಕದಿರಲೆಂದು ಗಾಳಿ ತುಂಬಿದ ರಬ್ಬರು ಟೈರು ಮಾಡಿದ. ಮರುವರ್ಷವೇ ಆ ಟೈರು ಹಾಕಿಕೊಂಡು ವಿಲ್ಲಿ ಹ್ಯೂಮ್ ಎಂಬ ಸವಾರ ರೇಸುಗಳನ್ನು ಗೆದ್ದ. ಒಬ್ಬ ತಂದೆಯ ಮಮತೆಯಿಂದ ಹುಟ್ಟಿದ ಈ ಸುಧಾರಣೆಗಿಂತ ನಿರ್ಮಲವಾದದ್ದು ಯಾವುದಿದ್ದೀತು? ಆದರೆ 1890ರ ದಶಕದಲ್ಲಿ ಯುರೋಪು ಅಮೆರಿಕಗಳಲ್ಲಿ ಸೈಕಲ್ಲಿನ ಹುಚ್ಚು ಹಬ್ಬಿದಾಗ ರಬ್ಬರಿಗೆ ಬೇಡಿಕೆ ಏರಿತು. ಬೆಲ್ಜಿಯಂ ದೊರೆ ಎರಡನೆಯ ಲಿಯೋಪೋಲ್ಡನ ಹಿಡಿತದಲ್ಲಿದ್ದ ಕಾಂಗೋ ನಾಡಿನಲ್ಲಿ ರಬ್ಬರು ತಂದುಕೊಡದ ಹಳ್ಳಿಗರನ್ನು ಒತ್ತೆಯಿಟ್ಟರು, ಕೊಂದರು, ಕೈ ಕತ್ತರಿಸಿದರು. ರೋಜರ್ ಕೇಸ್‌ಮೆಂಟನ ವರದಿ 1904ರಲ್ಲಿ ಇದನ್ನು ಜಗತ್ತಿಗೆ ತೋರಿಸಿತು. 1908ರಲ್ಲಿ ಲಿಯೋಪೋಲ್ಡ್ ಆ ನಾಡನ್ನು ಬಿಟ್ಟುಕೊಡಬೇಕಾಯಿತು. ಡನ್‌ಲಪ್ಪನ ಮಗುವಿನ ತಪ್ಪೇನೂ ಇಲ್ಲ. ಆದರೂ ನಮ್ಮ ಪಯಣ ಮೆತ್ತಗಾದಾಗ ಅದರ ಕುಲುಕಾಟ ಬೇರೆ ಯಾರ ಮೈಗೋ ದಾಟಿ ಹೋಗಿರಬಹುದು ಎಂಬುದನ್ನು ಮರೆಯಲಾಗದು.

ಇನ್ನು 'ಸಾಕು' ಎಂಬ ಗೆರೆಗೆ ಬರೋಣ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತದೆ ಕನ್ನಡ. ಚಾದರ ನೋಡಿಕೊಂಡು ಕಾಲು ಚಾಚು ಎನ್ನುತ್ತದೆ ಉರ್ದು. ಒಂದರಲ್ಲಿ ಕೆಳಗಿನದು ಅಳತೆ, ಇನ್ನೊಂದರಲ್ಲಿ ಮೇಲಿನದು. ಚಳಿಯಾಗುವುದು ಮಾತ್ರ ಒಂದೇ ಕಾಲಿಗೆ. ಇರುವುದರಲ್ಲಿ ನೆಮ್ಮದಿ ಕಾಣುವ ಗುಣಕ್ಕೆ ಉರ್ದುವಿನಲ್ಲಿ ಕನಾಅತ್ ಎಂಬ ಸುಂದರ ಪದವಿದೆ. ಆದರೆ ಅದು ತನಗೆ ತಾನೇ ಹೇಳಿಕೊಳ್ಳಬೇಕಾದ ಪದ. ಉದ್ದ ಹಾಸಿಗೆಯವರು ಗಿಡ್ಡ ಹಾಸಿಗೆಯವರಿಗೆ ಅದನ್ನು ಹೇಳತೊಡಗಿದಾಗ ಸದ್ಗುಣ ಬೇಲಿಯಾಗುತ್ತದೆ. ಎರಡು ಲಕ್ಷದ ಸೈಕಲ್ಲಿಗೆ ಲಕ್ಷದ ಚಕ್ರ ಹಾಕಿಸಿದವನನ್ನು ಯಾರೂ ನಗುವುದಿಲ್ಲ, ಅವನದು ಹವ್ಯಾಸ. 25,000ದವನು ಹಾಕಿಸಿದರೆ ಮಾತ್ರ ಅದು ಮಸಾಲೆ. ಹಿರಿಯರ ಮಾತಿಗೆ ನಾವೆಲ್ಲ ನಕ್ಕದ್ದು ದುಂದುಗಾರಿಕೆಯನ್ನು ಕಂಡೋ ಅಥವಾ ತನ್ನ ಮಟ್ಟ ಮೀರಿದವನನ್ನು ಕಂಡೋ ಎಂದು ಕೇಳಿಕೊಳ್ಳಬೇಕಾಗಿದೆ.

ಉತ್ತಮವೆಂಬುದರ ದಿಕ್ಕು ಕೂಡ ಎಲ್ಲರಿಗೂ ಒಂದೇ ಅಲ್ಲ. ರೇಸಿನ ಲೋಕದಲ್ಲಿ ಸೈಕಲ್ಲುಗಳು ಹಗುರಾಗುತ್ತ ಹೋಗಿ, ಅಂತಾರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ 2000ದಲ್ಲಿ 6.8 ಕಿಲೋಗಿಂತ ಹಗುರವಾದದ್ದು ಕೂಡದೆಂದು ನಿಯಮ ಮಾಡಿತು. ಅಲ್ಲಿ 'ಸಾಕು' ಎಂದು ಹೇಳಲು ಕಾನೂನೇ ಬೇಕಾಯಿತು. ಇನ್ನೊಂದು ಕಡೆ, 2004ರ ಸುನಾಮಿಯ ನಂತರ ಶ್ರೀಲಂಕಾದಲ್ಲಿ ಸೈಕಲ್ ಹಂಚುವ ಕೆಲಸದಿಂದ ಆರಂಭವಾದ ವರ್ಲ್ಡ್ ಬೈಸಿಕಲ್ ರಿಲೀಫ್ ಸಂಸ್ಥೆ ಆಫ್ರಿಕದ ಹಳ್ಳಿಗಳಿಗಾಗಿ ಬಫಲೋ ಎಂಬ ಸೈಕಲ್ಲನ್ನು ರೂಪಿಸಿತು. ಅದರ ಸುಧಾರಣೆ ಎಂದರೆ ದಪ್ಪ ಕಡ್ಡಿ, ಗಟ್ಟಿ ರಿಮ್ಮು, ಬೇಗ ಪಂಕ್ಚರಾಗದ ಟೈರು, 100 ಕಿಲೋ ಹೊರುವ ಕ್ಯಾರಿಯರು. ಅದರ ಹಿಂದಿದ್ದ ಎಫ್. ಕೆ. ಡೇ, ರೇಸ್ ಸೈಕಲ್ಲುಗಳ ಗೇರು ತಯಾರಿಸುವ ಸ್ರಾಮ್ ಕಂಪನಿಯ ಸ್ಥಾಪಕರಲ್ಲಿ ಒಬ್ಬರು. ಗ್ರಾಂ ಗ್ರಾಂ ಕಡಿಮೆ ಮಾಡುವ ಉದ್ಯಮದವರೇ ಅಲ್ಲಿ ಬೇಕೆಂದೇ ಭಾರ ಹೆಚ್ಚಿಸಿದರು. ಏಕೆಂದರೆ ಆ ಚಕ್ರದ ಕೆಲಸ ಬೇರೆ.

ಚಕ್ರದ ಕೆಲಸವೇನೆಂಬುದನ್ನು 2020ರ ಮೇ ತಿಂಗಳಲ್ಲಿ ಬಿಹಾರದ ಹದಿನೈದರ ಹುಡುಗಿಯೊಬ್ಬಳು ದೇಶಕ್ಕೇ ತೋರಿಸಿದಳು. ಲಾಕ್‌ಡೌನಿನಲ್ಲಿ ಗಾಯಗೊಂಡ ತಂದೆಯನ್ನು ಹಳೆಯ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಗುರುಗ್ರಾಮದಿಂದ ದರ್ಭಂಗಾದವರೆಗೆ ಸುಮಾರು 1,200 ಕಿಲೋಮೀಟರು ತುಳಿದಳು. ಆಗ ಕೆಲವರು ಹೊಗಳುತ್ತ, ನೋಡಿ, ಮನಸ್ಸಿದ್ದರೆ ಎಂಥ ಸೈಕಲ್ಲಾದರೂ ಸಾಕು ಎಂದರು. ನಮಗೆ ಆ ಹೊಗಳಿಕೆ ಹಿಡಿಸಲಿಲ್ಲ. ಅವಳಿಗೆ ಅದು ಸಾಕಾಗಿರಲಿಲ್ಲ. ಬೇರೆ ಏನೂ ಇರಲಿಲ್ಲ. ಇಲ್ಲದಿರುವುದನ್ನು ಕನಾಅತ್ ಎಂದು ಕರೆಯುವುದು ಆ ಪದಕ್ಕೂ ಅವಮಾನ, ಆ ಹುಡುಗಿಗೂ ಅವಮಾನ.

ಹಾಗೆಂದು ಆ ಹುಡುಗಿಯನ್ನು ತೋರಿಸಿ ನಮ್ಮ ಹುಡುಗನನ್ನು ನಾಚಿಸುವುದೂ ನ್ಯಾಯವಲ್ಲ. ಅವನು ಚಕ್ರ ಕೊಳ್ಳದಿದ್ದರೆ ಆ ಹಣ ಅವಳಿಗೆ ತಲುಪುತ್ತಿರಲಿಲ್ಲ. ದುಡಿದು ಕೂಡಿಟ್ಟು ತನ್ನ ಪ್ರೀತಿಯ ವಸ್ತುವಿಗೆ ಒಳ್ಳೆಯದನ್ನು ತರುವವನ ಸಂತೋಷ ತೀರಾ ಸಣ್ಣದೇನಲ್ಲ. ಹತ್ತು ಸೆಕೆಂಡಿನ ಲೆಕ್ಕದಲ್ಲಿ ಅದು ಸಿಗದು. ಹಗುರವಾಗಿ ಸದ್ದಿಲ್ಲದೆ ತಿರುಗುವ ಚಕ್ರ ಅವನನ್ನು ಮುಂಜಾನೆ ಐದಕ್ಕೆ ಹಾಸಿಗೆಯಿಂದ ಎಬ್ಬಿಸುವುದಾದರೆ ಅದಕ್ಕೂ ಒಂದು ಬೆಲೆಯಿದೆ. ಆದರೆ ಕೊಳ್ಳುವ ಮುನ್ನ ಅವನೂ ನಾವೂ ಕೇಳಿಕೊಳ್ಳಬೇಕಾದ ಕೆಲವು ಪ್ರಶ್ನೆಗಳಿವೆ. ಇರುವುದಕ್ಕೆ ಆರೈಕೆ ಮಾಡಿದ್ದೇವೆಯೇ? ಇದು ನಮ್ಮ ಕೆಲಸಕ್ಕೆ ಬೇಕಾದದ್ದೇ, ಅಥವಾ ಬೇರೆಯವರ ಕಣ್ಣಿಗೇ? ಯಾರೂ ನೋಡದ ರಸ್ತೆಯಲ್ಲೂ ಇದು ಬೇಕೆನಿಸುತ್ತದೆಯೇ? ಸಾಲ ಮಾಡದೆ, ಮನೆಯವರ ಪಾಲು ಕಸಿಯದೆ ಇದು ಬರುತ್ತದೆಯೇ? ನಮ್ಮೂರ ಮೇಸ್ತ್ರಿ ಇದನ್ನು ರಿಪೇರಿ ಮಾಡಬಲ್ಲನೇ? ಇಪ್ಪತ್ತು ಕಡ್ಡಿಯ ಹೊಸ ಚಕ್ರದಲ್ಲಿ ಒಂದು ಮುರಿದರೆ ರಿಮ್ಮು ಬಾಗಿ ಸೈಕಲ್ಲು ಅಲ್ಲೇ ನಿಲ್ಲಬಹುದು. ಮೂವತ್ತಾರು ಕಡ್ಡಿಯ ಹಳೆ ಚಕ್ರ ಮನೆ ಮುಟ್ಟಿಸುತ್ತದೆ. ಕೊನೆಯದಾಗಿ, ತೆಗೆದದ್ದನ್ನು ಯಾರಿಗೆ ಕೊಡುತ್ತೇವೆ?

ಈ ಪ್ರಶ್ನೆಗಳಿಗೆ ಉತ್ತರ ಕೊಟ್ಟುಕೊಂಡು ಒಬ್ಬ ಚಕ್ರ ಕೊಂಡರೆ ಅವನನ್ನು ನಗಲು ನಮಗೆ ಹಕ್ಕಿಲ್ಲ. ಉತ್ತರ ಕೊಟ್ಟುಕೊಂಡು ಕೊಳ್ಳದಿದ್ದರೆ ಅವನನ್ನು ಜಿಪುಣ ಎನ್ನಲೂ ಹಕ್ಕಿಲ್ಲ. ತನ್ನ ಬೇಕುಗಳಿಗೆ ತಾನೇ ಗೆರೆ ಎಳೆದುಕೊಳ್ಳುವ ಸ್ವಾತಂತ್ರ್ಯ ಉಳ್ಳವರಿಗೆ ಎಷ್ಟಿದೆಯೋ ಇಲ್ಲದವರಿಗೂ ಅಷ್ಟೇ ಇರಬೇಕು. ಬೇರೆಯವರ ವಿಷಯದಲ್ಲಿ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಅವರ ಚಕ್ರ ಅವರನ್ನು ಹೋಗಬೇಕಾದಲ್ಲಿಗೆ ಒಯ್ಯುತ್ತಿದೆಯೇ? ಕಡ್ಡಿ ಮುರಿದು ಗೋಡೆಗೆ ಒರಗಿ ನಿಂತಿರುವ ಸೈಕಲ್ಲುಗಳು, ಅದರಿಂದಾಗಿ ಶಾಲೆಗೆ ನಡೆದು ಹೋಗುತ್ತಿರುವ ಮಕ್ಕಳು ನಮ್ಮ ಬೀದಿಗಳಲ್ಲಿ ಇನ್ನೂ ಇದ್ದಾರೆ. ಅವರಿಗೆ ಬೇಕಾದದ್ದು 30,000ದ ಚಕ್ರವಲ್ಲ. ಎರಡು ಗಂಟೆಯ ಕೆಲಸ, 200 ರೂಪಾಯಿ, ಮತ್ತು ಅದನ್ನು ಗಮನಿಸುವ ಒಂದು ಕಣ್ಣು.